ಮನೆ ಮುಂದಿನ ಹತ್ತಡಿ

ಬೆಂಗಳೂರು ಎಂಬ ಹೆಸರು ಕಲ್ಲಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನದ ಒಂದು ವೀರಗಲ್ಲಿನಲ್ಲಿ. ಸುಮಾರು ಕ್ರಿ.ಶ. 890ರ ಕಾಲದ್ದು. ತಂಪು ಹವೆ, ಹೂದೋಟ, ಬಿಸಿ ದೋಸೆ ಯಾವುದರ ಸುದ್ದಿಯೂ ಅದರಲ್ಲಿಲ್ಲ. ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತ ಎಂದಷ್ಟೇ ಇದೆ. ಕಾಳಗ ಯಾಕಾಯಿತೆಂದು ವಿವರಿಸುವ ಗೋಜಿಗೆ ಶಾಸನ ಹೋಗಿಲ್ಲ. ಆದರೆ ಇಂದಿನ ಯಾವುದಾದರೊಂದು ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಸಭೆಯಲ್ಲಿ ಅರ್ಧ ಗಂಟೆ ಕೂತವರಿಗೆ ಕಾರಣದ ಬಗ್ಗೆ ಅನುಮಾನ ಉಳಿಯಲಾರದು. ಯಾರೋ ಯಾರದೋ ಮನೆ ಮುಂದೆ ಗಾಡಿ ನಿಲ್ಲಿಸಿರಬೇಕು. ಇಂಥ ಸಭೆಗಳ ಸೂಚನಾ ಪತ್ರದಲ್ಲಿ ಎರಡು ವಿಷಯಗಳು ತಪ್ಪದೆ ಇರುತ್ತವೆ: ಬಡಾವಣೆಯ ಹಳೆಯ ಸೊಗಡನ್ನು ಉಳಿಸಿಕೊಳ್ಳುವ ಬಗ್ಗೆ, ಮತ್ತು ವಾಹನ ನಿಲುಗಡೆ ಸಮಸ್ಯೆಯ ಬಗ್ಗೆ. ಮೊದಲನೆಯದಕ್ಕೆ ನಿಟ್ಟುಸಿರು, ಚಪ್ಪಾಳೆ, ಒಂದು ಸರ್ವಾನುಮತದ ಠರಾವು. ಎರಡನೆಯದು ಬರುವ ಹೊತ್ತಿಗೆ ಕುರ್ಚಿಗಳು ಹಿಂದಕ್ಕೆ ಸರಿಯುತ್ತವೆ, ದನಿಗಳು ಮೇಲಕ್ಕೇರುತ್ತವೆ, ಕಾಫಿ ಆರುತ್ತದೆ. ನನ್ನ ವಾದ ಇಷ್ಟೇ: ಇವು ಎರಡು ವಿಷಯಗಳಲ್ಲ. ಊರಿನ ಸೊಗಡು ಹೋದದ್ದು ಎಲ್ಲಿಗೆ ಎಂದು ಹುಡುಕಿಕೊಂಡು ಹೋದರೆ ಅದು ನಮ್ಮ ನಮ್ಮ ಗೇಟಿನ ಮುಂದೆಯೇ, ಬೂದುಬಣ್ಣದ ಕವರ್ ಹೊದ್ದುಕೊಂಡು ಮಲಗಿರುತ್ತದೆ.

ಊರಿನ ಗುರುತು ಎಂದ ಕೂಡಲೇ ನಾವು ಕತ್ತೆತ್ತಿ ನೋಡುತ್ತೇವೆ. ಗೋಪುರ, ಗುಮ್ಮಟ, ವಿಧಾನಸೌಧದ ನೆತ್ತಿಯ ಸಿಂಹ. ಸಂಘದ ಲೆಟರ್‌ಹೆಡ್ಡಿನ ಮೂಲೆಯಲ್ಲೂ ಕೆಂಪೇಗೌಡರ ಗೋಪುರವೇ ಇರುತ್ತದೆ. ನಿಜವಾದ ಗುರುತು ಇರುವುದು ಕತ್ತು ಬಗ್ಗಿಸಿದರೆ ಕಾಣುವ ನೆಲದಲ್ಲಿ, ಬೀದಿಯನ್ನು ಜನ ಯಾವುದಕ್ಕೆ ಬಳಸಿದರು ಎಂಬುದರಲ್ಲಿ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯನ್ನೇ ನೋಡಿ. ಅಕ್ಕಿ ಮಾರಿದಲ್ಲಿ ಅಕ್ಕಿಪೇಟೆ, ಅರಳೆ ಮಾರಿದಲ್ಲಿ ಅರಳೆಪೇಟೆ, ಬಳೆ ಮಾರಿದಲ್ಲಿ ಬಳೇಪೇಟೆ. ಬೀದಿಯಲ್ಲಿ ಏನು ನಡೆಯಿತೋ ಅದೇ ಹೆಸರಾಯಿತು. ಈ ನ್ಯಾಯವನ್ನು ಇಂದಿಗೆ ಹಚ್ಚಿದರೆ ಎಲ್ಲ ಬಡಾವಣೆಗಳಿಗೂ ಒಂದೇ ಹೆಸರು, ಕಾರುಪೇಟೆ. ಅದೂ ಮಾರುವ ಕಾರಿನದಲ್ಲ, ಮಲಗಿದ ಕಾರಿನದು. (ಪಾರ್ಕುಗಳ ಊರು ಪಾರ್ಕಿಂಗಿನ ಊರಾಯಿತು ಎಂಬ ಶ್ಲೇಷೆಯನ್ನು ಯಾರಾದರೂ ಮಾಡಿಯೇ ಮಾಡುತ್ತಾರೆ, ಅದನ್ನು ಸಂಘದ ಸ್ಮರಣ ಸಂಚಿಕೆಗೆ ಬಿಟ್ಟುಬಿಡೋಣ.) ಇನ್ನು ನಾವು ನೆನೆನೆನೆದು ಕಣ್ಣೊರೆಸಿಕೊಳ್ಳುವ ಬಸವನಗುಡಿ, ಮಲ್ಲೇಶ್ವರ. 1898ರ ಪ್ಲೇಗಿನಲ್ಲಿ ಇಕ್ಕಟ್ಟಿನ ಪೇಟೆಯ ಜನ ಸತ್ತ ಮೇಲೆ, ಗಾಳಿ ಬೆಳಕು ಧಾರಾಳವಾಗಿರಲಿ ಎಂದು ಅಲ್ಲಿ ನೇರವಾದ, ಅಗಲವಾದ ಬೀದಿಗಳನ್ನು ಬಿಟ್ಟರು. ಹಿತ್ತಿಲ ಕಡೆಗೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿಗಳನ್ನೂ ಬಿಟ್ಟರು. ಆ ಅಗಲ ಒಂದು ಔಷಧವಾಗಿತ್ತು. ಈಗ ಸಭೆಯಲ್ಲಿ ಎದ್ದು ನಿಂತವರು "ಆಗ ಎಷ್ಟು ಅಗಲವಾದ ರಸ್ತೆ ಸ್ವಾಮಿ ನಮ್ಮದು!" ಎನ್ನುತ್ತಾರೆ. ಟೇಪು ಹಿಡಿದು ನೋಡಿ: ಮೂವತ್ತಡಿ ರಸ್ತೆ ಈಗಲೂ ಕಾಂಪೌಂಡಿನಿಂದ ಕಾಂಪೌಂಡಿಗೆ ಮೂವತ್ತಡಿಯೇ ಇದೆ. ಆ ಕಡೆ ಆರಡಿ, ಈ ಕಡೆ ಆರಡಿ ಕಾರು ನುಂಗಿತು. ಉಳಿದದ್ದರಲ್ಲಿ ಚರಂಡಿ, ಕಂಬ, ಗೇಟಿನಿಂದ ನಾಲಿಗೆ ಚಾಚಿದ ಸಿಮೆಂಟಿನ ಇಳಿಜಾರು ತಮ್ಮ ತಮ್ಮ ಪಾಲು ತೆಗೆದುಕೊಂಡವು. ಮಿಕ್ಕ ಓಣಿಯಲ್ಲಿ ಎದುರುಬದುರಾದ ಎರಡು ಕಾರುಗಳು, ಯಾರು ಹಿಂದಕ್ಕೆ ಹೋಗಬೇಕೆಂದು ಮಾನಮರ್ಯಾದೆಯ ಪ್ರಶ್ನೆಯಾಗಿ ನಿಂತಿರುತ್ತವೆ.

ಹಳೆಯ ಮನೆಗಳಿಗೆ ಜಗಲಿ ಇತ್ತು. ಕಟ್ಟಿದವನು ಮನೆಯವನು, ಕೂತವರು ದಾರಿಹೋಕರು. ಸ್ವಂತ ಜಾಗ ಬೀದಿಗೆ ಸ್ವಲ್ಪ ಸಡಿಲವಾಗುವ ಜಾಗ ಅದು. ನಾವು ಅದನ್ನು ಪೂರ್ತಿ ತಿರುಗುಮುರುಗು ಮಾಡಿಕೊಂಡಿದ್ದೇವೆ. ಈಗ ಬೀದಿಯೇ ಮನೆಯವರ ಸ್ವಂತಕ್ಕೆ ಸಡಿಲವಾಗಿದೆ. "ನಮ್ಮ ಮನೆ ಮುಂದೆ" ಎಂಬ ಮೂರು ಪದಗಳಿಗೆ ಯಾವ ಖಾತೆಯೂ ಇಲ್ಲ, ಆದರೆ ಖಾತೆ ಇರುವ ಜಮೀನಿಗಿಂತ ಹೆಚ್ಚಿನ ಕಾವಲಿದೆ. ಆ ಕಾವಲಿನ ಆಯುಧಶಾಲೆಯನ್ನು ನೋಡಬೇಕು: ಬಣ್ಣದ ಡಬ್ಬಿಗೆ ಸಿಮೆಂಟು ಸುರಿದು ನಡುವೆ ಪೈಪು ನೆಟ್ಟದ್ದು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಯಾವ ಗಿಡವೂ ಬದುಕಿಲ್ಲದ ಹೂಕುಂಡ, ಮನೆ ಕಟ್ಟಿದಾಗ ಉಳಿದ ಸೈಜುಗಲ್ಲು. ಮೇಲೆ ಒಂದು ಫಲಕ: ಇಲ್ಲಿ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು. ಫಲಕಗಳಲ್ಲಿ ಕನ್ನಡವಿಲ್ಲವೆಂದು ಕೊರಗುವವರು ಈ ಪ್ರಕಾರವನ್ನು ಗಮನಿಸಿದಂತಿಲ್ಲ. ಕರ್ಮಣಿ ಪ್ರಯೋಗ ಇಷ್ಟು ಪರಿಣಾಮಕಾರಿಯಾಗಿ ಬೇರೆಲ್ಲೂ ಉಳಿದಿಲ್ಲ. ಗಾಳಿ ತೆಗೆಯುವವರು ಯಾರು ಎಂಬುದು ಕೊನೆಗೂ ಗುಟ್ಟಾಗಿಯೇ ಇರುತ್ತದೆ. ಆದರೆ ಕಾನೂನಿನ ಕಣ್ಣಿಗೆ ಈ ಫಲಕ ಬರೀ ತಗಡು. ಬೇರೆಯವರ ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಗೇಟಿನ ಆಚೆ ಈಚೆಯ ಹತ್ತಡಿಯ ಮಾತು ಬೇರೆ. ಗಾಡಿ ಎಲ್ಲಿ ನಿಲ್ಲಬಹುದೆಂದು ಗೊತ್ತುಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು ಸರ್ಕಾರಕ್ಕೆ ಮತ್ತು ಅದು ನೇಮಿಸಿದ ಪ್ರಾಧಿಕಾರಕ್ಕೆ ಕೊಟ್ಟಿದೆ. ಹೂಕುಂಡದ ಉಲ್ಲೇಖ ಅಲ್ಲಿಲ್ಲ.

ಹಾಗಾದರೆ ಆ ಹತ್ತಡಿ ಯಾರದು? ಎಲ್ಲರದು. ಎಲ್ಲರದಾದ ಜಾಗವನ್ನು ಒಬ್ಬರು ದಿನವಿಡೀ ಇಟ್ಟುಕೊಂಡರೆ ಅದಕ್ಕೆ ಬಾಡಿಗೆ ಎನ್ನುವುದು ಲೋಕರೂಢಿ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಎಂದು ಲೆಕ್ಕ ಹಿಡಿದರೆ ಸುಮಾರು 135 ಚದರಡಿ ಆಯಿತು. ಹತ್ತು ಹನ್ನೆರಡರ ಕೋಣೆಗಿಂತ ದೊಡ್ಡದು. ಅಂಥ ಕೋಣೆಯನ್ನು ಈ ಊರಿನಲ್ಲಿ ಬಾಡಿಗೆಗೆ ಹಿಡಿಯಬೇಕಾದರೆ ಮನುಷ್ಯ ಎಷ್ಟೊಂದು ತಿಂಗಳ ಅಡ್ವಾನ್ಸ್ ಎಣಿಸಬೇಕು, ಯಾವ ಜನ ಎಂದು ಹೇಳಬೇಕು, ಮೊಟ್ಟೆಯನ್ನಾದರೂ ಬೇಯಿಸುವುದಿಲ್ಲವೆಂದು ಪ್ರಮಾಣ ಮಾಡಬೇಕು, ರಾತ್ರಿ ಹತ್ತರೊಳಗೆ ಬಂದುಬಿಡುತ್ತೇನೆ ಎನ್ನಬೇಕು, ನೆಂಟರು ಬಂದರೆ ನೀರಿನ ಲೆಕ್ಕ ಒಪ್ಪಿಸಬೇಕು. ಬೀದಿಯ ಕೋಣೆ ಹಿಡಿದ ಕಾರಿಗೆ ಇದ್ಯಾವುದೂ ಇಲ್ಲ. ಅಡ್ವಾನ್ಸಿಲ್ಲ, ಕರಾರು ಪತ್ರವಿಲ್ಲ, ಖಾಲಿ ಮಾಡಿ ಎನ್ನುವವರಿಲ್ಲ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು ಪುಕ್ಕಟೆ ಪಾರ್ಕಿಂಗಿನ ದುಬಾರಿ ಬೆಲೆಯ ಬಗ್ಗೆಯೇ 2005ರಲ್ಲಿ ದಪ್ಪ ಪುಸ್ತಕವೊಂದನ್ನು ಬರೆದರು. ಕಾರು ತನ್ನ ಆಯುಸ್ಸಿನ ಶೇ. 95ರಷ್ಟನ್ನು ನಿಂತೇ ಕಳೆಯುತ್ತದೆ ಎಂಬುದು ಅವರು ಎತ್ತಿ ತೋರಿಸಿದ ಲೆಕ್ಕ. ಓಡುವ ವಸ್ತುವೆಂದು ನಾವು ಕೊಂಡದ್ದು ಬಹುಮಟ್ಟಿಗೆ ಒಂದು ಪೀಠೋಪಕರಣ. ಪೀಠೋಪಕರಣವನ್ನು ರಸ್ತೆಯಲ್ಲಿಡುವುದು ನಮಗೆ ಅಭ್ಯಾಸವಿಲ್ಲ. ಮನೆಯೊಳಗೆ ಹಿಡಿಸಲಿಲ್ಲವೆಂದು ಗಾದ್ರೆಜ್ ಬೀರುವನ್ನು ಯಾರೂ ಬೀದಿಗಿಟ್ಟು ಕವರ್ ಹೊದಿಸುವುದಿಲ್ಲ.

ಇದು ಸರ್ಕಾರಕ್ಕೆ ಹೊಳೆಯದ ವಿಚಾರವೇನಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ನಿಲುಗಡೆ ನೀತಿಗೆ 2021ರಲ್ಲಿಯೇ ಒಪ್ಪಿಗೆ ಸಿಕ್ಕಿತು. ವಸತಿ ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೊಮ್ಮೆ ಪರ್ಮಿಟ್ ಪಡೆಯಬೇಕು. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000ದವರೆಗೆ ಎಂಬ ಪ್ರಸ್ತಾವ ಅದರಲ್ಲಿತ್ತು. ಸಣ್ಣ ಕಾರಿನದು ದಿನಕ್ಕೆ ಮೂರು ರೂಪಾಯಿಯೂ ಆಗಲಿಲ್ಲ. ದೊಡ್ಡ ಕಾರಿನದು ಹದಿನಾಲ್ಕರೊಳಗೆ. ದರ್ಶಿನಿಯಲ್ಲಿ ಆ ದುಡ್ಡಿಗೆ ಒಂದು ಕಾಫಿ ಬರುವುದೂ ಕಷ್ಟ. ಆದರೂ ಕೇಳಿದವರೆಲ್ಲ ಮನೆ ಮಠ ಹೋದವರಂತೆ ಬೆಚ್ಚಿಬಿದ್ದರು. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು, ಪರ್ಮಿಟ್ ಮಾತ್ರ ಕಡತದೊಳಗೇ ನಿಂತಿದೆ. ಕಡತಕ್ಕೂ ಯಾರೂ ನಿಲುಗಡೆ ಶುಲ್ಕ ಹಾಕಿಲ್ಲ.

ಸಂಘದಲ್ಲಿ ಮೊದಲು ಏಳುವ ಆಕ್ಷೇಪ ಗೊತ್ತಿರುವುದೇ: "ರೋಡ್ ಟ್ಯಾಕ್ಸ್ ಕಟ್ಟಿಲ್ವೇನ್ರೀ?" ಕಟ್ಟಿದ್ದಾರೆ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಭಾರಿಯಾದವುಗಳಲ್ಲಿ ಒಂದು, ಅದನ್ನು ತೆತ್ತವರ ಸಂಕಟಕ್ಕೆ ನನ್ನ ಸಹಾನುಭೂತಿಯಿದೆ. ಆದರೆ ಅದು ಗಾಡಿ ಓಡಲು ಕೊಟ್ಟದ್ದು, ನಿದ್ದೆ ಮಾಡಲು ಕೊಟ್ಟದ್ದಲ್ಲ. ರೈಲಿನ ಟಿಕೆಟ್ ತೆಗೆದವರು ಪ್ಲಾಟ್‌ಫಾರಂ ಮೇಲೆ ಸಂಸಾರ ಹೂಡುವಂತಿಲ್ಲ. ಎರಡನೆಯ ಆಕ್ಷೇಪ, ಇದೆಲ್ಲ ಹೊರಗಿನಿಂದ ಬಂದವರ ಕಾಟ, ಬೇರೆ ರಾಜ್ಯದ ನಂಬರ್ ಪ್ಲೇಟುಗಳ ಹಾವಳಿ ಎಂಬುದು. ಗುರುತಿನ ಪ್ರಶ್ನೆ ಇಲ್ಲಿ ಕೈಗೆ ಸುಲಭವಾಗಿ ಸಿಗುವ ಕೋಲು. ಒಂದು ಭಾನುವಾರ ಬೆಳಿಗ್ಗೆ ಬೀದಿಯುದ್ದಕ್ಕೂ ಪ್ಲೇಟುಗಳನ್ನು ಓದಿಕೊಂಡು ಹೋಗಿ. ಜಯನಗರದ ಬೀದಿಯಲ್ಲಿ ಜಯನಗರದ ಕೆಎ 05 ಸಾಲುಗಟ್ಟಿ ಸಿಗುತ್ತದೆ. ಅಪ್ಪನ ಹಳೆಯ ಕಾರು, ಮಗನ ಹೊಸ ಕಾರು, ಸೊಸೆಯ ಸ್ಕೂಟರು, ವಿದೇಶದಲ್ಲಿರುವ ಮಗಳು ರಜಕ್ಕೆ ಬಂದಾಗ ಬೇಕಾಗುತ್ತದೆಂದು ಇಟ್ಟುಕೊಂಡ ಇನ್ನೊಂದು. ಮನೆಯ ಸ್ಟಿಲ್ಟಿನಲ್ಲಿ ಜಾಗವಿಲ್ಲವೇ ಎಂದರೆ ಅಲ್ಲಿ ಝೆರಾಕ್ಸ್ ಅಂಗಡಿಯೋ ಬ್ಯೂಟಿ ಪಾರ್ಲರೋ ಬಾಡಿಗೆ ಕೊಡುತ್ತಿರುತ್ತದೆ. ಸೊಗಡನ್ನು ಕದ್ದವರು ಮನೆಯ ಒಳಗಿನವರೇ. ಹೊರಗಿನವರು ಬಂದದ್ದು ಆಮೇಲೆ, ಅದೂ ಜಾಗ ಸಿಗದೆ ಮುಂದಿನ ಕ್ರಾಸಿಗೆ ಹೋದರು.

ಇವೆರಡಕ್ಕಿಂತ ತೂಕದ ಆಕ್ಷೇಪ ಮೂರನೆಯದು. ಬಸ್ಸಿಗೆ ಕಾದು ಕಾದು ಕಾಲು ಸೋತವರಿಗೆ, ಮೆಟ್ರೊ ಸ್ಟೇಷನ್ ಮನೆಯಿಂದ ಮೂರು ಮೈಲಿ ದೂರವಿರುವವರಿಗೆ ಕಾರು ಬೇಡವೆನ್ನುವುದು ಯಾವ ನ್ಯಾಯ? ಒಪ್ಪತಕ್ಕ ಮಾತು. ನಮ್ಮ ಮೆಟ್ರೊ ಮೊದಲ ಸಲ ಓಡಿದ್ದೇ 2011ರಲ್ಲಿ, ಅದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ. ಕಾರು ಕೊಳ್ಳಬೇಡಿ ಎಂದು ಯಾರೂ ಹೇಳುತ್ತಿಲ್ಲ, ಕೊಂಡದ್ದನ್ನು ಎಲ್ಲಿಡುತ್ತೀರಿ ಎಂದಷ್ಟೇ ಕೇಳುವುದು. ಜಪಾನಿನವರು ಈ ಪ್ರಶ್ನೆಯನ್ನು 1962ರಲ್ಲೇ ಕಾನೂನು ಮಾಡಿ ಕೇಳಿದರು: ಕಾರು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು, ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇರಬೇಕು. ಅವರಿಗೆ ಆಗಲೇ ಒಳ್ಳೆಯ ರೈಲಿತ್ತು, ನಿಜ. ನಮ್ಮಲ್ಲಿ ಬಸ್ಸು ಓಡದಿರುವುದಕ್ಕೆ ಒಂದು ಕಾರಣ ಬೀದಿಯ ಎರಡೂ ಬದಿ ನಿಂತ ಕಾರುಗಳು ಎಂಬುದೂ ಅಷ್ಟೇ ನಿಜ. ಬಸ್ಸಿಲ್ಲವೆಂದು ಕಾರು, ಕಾರಿದೆಯೆಂದು ಬಸ್ಸಿಲ್ಲ. ಈ ಗಂಟನ್ನು ಎಲ್ಲಾದರೂ ಒಂದು ಕಡೆ ಬಿಚ್ಚಲು ಶುರುಮಾಡಬೇಕಲ್ಲ. ಹಗಲೆಲ್ಲ ದುಡಿದು ರಾತ್ರಿ ಬೀದಿಯಲ್ಲಿ ನಿಲ್ಲುವ ಆಟೊ, ಟ್ಯಾಕ್ಸಿಗಳಿಗೆ ರಿಯಾಯಿತಿ ಕೊಡಲಿ, ಧಾರಾಳವಾಗಿ ಕೊಡಲಿ. ತಿಂಗಳಿಗೊಮ್ಮೆ ಬ್ಯಾಟರಿ ಸಾಯದಿರಲೆಂದು ಮಾತ್ರ ಸ್ಟಾರ್ಟ್ ಆಗುವ ಮೂರನೆಯ ಕಾರಿಗೂ ಅದೇ ಕನಿಕರ ಬೇಕಾಗಿಲ್ಲ.

ಕೊನೆಗೆ ಉಳಿಯುವುದು ಅನುಮಾನ: ದುಡ್ಡು ಎಲ್ಲಿಗೆ ಹೋಗುತ್ತದೆ? ಹಡ್ಸನ್ ವೃತ್ತದ ಪಾಲಿಕೆ ಕಟ್ಟಡದ ಯಾವುದೋ ಖಾತೆಗೆ ಹೋಗಿ ಮಾಯವಾಗುವುದಾದರೆ ಯಾಕೆ ಕೊಡಬೇಕು? ಇದಕ್ಕೆ ಶೂಪ್ ಅವರ ಉತ್ತರ ಬಲು ಲೌಕಿಕವಾದದ್ದು. ಬೀದಿಯಲ್ಲಿ ಸಂಗ್ರಹವಾದದ್ದನ್ನು ಅದೇ ಬೀದಿಯಲ್ಲಿ ಖರ್ಚು ಮಾಡಿ, ಆಗ ಬೈಯುವವರೇ ವಸೂಲಿಗೆ ನಿಲ್ಲುತ್ತಾರೆ. ಕ್ಯಾಲಿಫೋರ್ನಿಯಾದ ಪ್ಯಾಸಡಿನಾ ಊರಿನ ಹಳೆಯ ಪೇಟೆಯಲ್ಲಿ 1993ರಲ್ಲಿ ಮೀಟರ್ ಹಾಕಿದಾಗ ಅಂಗಡಿಯವರ ವಿರೋಧ ಕರಗಿದ್ದು ಹೀಗೆಯೇ. ಹಣ ಅಲ್ಲಿಯ ಕಾಲುದಾರಿ, ದೀಪ, ಮರಗಳಿಗೇ ಸುರಿಯಿತು, ಪಾಳುಬಿದ್ದ ಪೇಟೆಗೆ ಜನ ಮರಳಿ ಬಂದರು. ನಮ್ಮಲ್ಲಿ ಇಂಥ ಲೆಕ್ಕ ನೋಡಿಕೊಳ್ಳಬೇಕಾದ್ದು ಸಂವಿಧಾನದ 74ನೇ ತಿದ್ದುಪಡಿ ಹೇಳಿದ ವಾರ್ಡ್ ಸಮಿತಿ. ಸಂಘ ಸಾಲದೇ ಎಂದರೆ, ಸಾಲದು. ಸಂಘದಲ್ಲಿ ಮನೆ ಮಾಲೀಕರಿರುತ್ತಾರೆ. ಬಾಡಿಗೆದಾರರು, ಮನೆಗೆಲಸಕ್ಕೆ ನಡೆದು ಬರುವವರು, ತಳ್ಳುಗಾಡಿಯವರು ಇರುವುದು ಅಪರೂಪ. ಬೀದಿಯನ್ನು ಹೆಚ್ಚು ತುಳಿಯುವವರು ಅವರೇ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಸಂಘಗಳು ತಾವೇ ಪಾಲಿಕೆ ಎಂದುಕೊಂಡದ್ದು ಅರ್ಥವಾಗುವಂಥದ್ದೇ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಗಡಿಯ ಬೀದಿಗಳಲ್ಲಿ ಕಾರಿನ ಮುಂದಿನ ಚಕ್ರ ಒಂದು ಪಾಲಿಕೆಗೆ, ಹಿಂದಿನದು ಇನ್ನೊಂದಕ್ಕೆ ಸೇರುವ ಯೋಗವೂ ಇದೆ. ಸಂಘ ಒಂದು ಕೆಲಸವನ್ನಂತೂ ಮಾಡಬಹುದು: ವಾರ್ಡ್ ಸಮಿತಿಯ ಮುಂದೆ ಹೋಗಿ ನಮ್ಮ ಬೀದಿಯಿಂದಲೇ ಪರ್ಮಿಟ್ ಶುರುಮಾಡಿ, ಬಂದ ಹಣದಲ್ಲಿ ಮೊದಲು ಕಾಲುದಾರಿ ಸರಿಮಾಡಿ ಎಂದು ಬರೆದುಕೊಡಬಹುದು. ಸೊಗಡಿನ ಬಗ್ಗೆ ಮಾಡಿದ ಠರಾವುಗಳಿಗಿಂತ ಆ ಒಂದು ಅರ್ಜಿ ಹೆಚ್ಚು ಕನ್ನಡದ ಕೆಲಸ.

ಆದ್ದರಿಂದ ಕಾರ್ಯದರ್ಶಿಗಳಲ್ಲಿ ಒಂದು ಬಿನ್ನಹ. ಮುಂದಿನ ಸೂಚನಾ ಪತ್ರದಲ್ಲಿ ಆ ಎರಡು ವಿಷಯಗಳನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿಸಿ. ಕೆಳಗೆ ಇನ್ನೊಂದು ಸಾಲಿರಲಿ: ಸದಸ್ಯರು ದಯವಿಟ್ಟು ನಡೆದುಕೊಂಡೇ ಬರಬೇಕು. ದೂರವೇನಿಲ್ಲ, ಎರಡು ಕ್ರಾಸ್.