ವರ್ಗಾವಣೆಯಾದ ವೈರಾಗ್ಯ

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸಾವಿಲ್ಲ. ವರ್ಗಾವಣೆ ಮಾತ್ರ ಇದೆ. ಹೊಸದಾಗಿ ಬಂದದ್ದು ಹಾಲ್‌ನಲ್ಲಿ ಅಧಿಕಾರ ವಹಿಸಿಕೊಳ್ಳುತ್ತದೆ. ಬಣ್ಣ ಮಾಸಿದ ಮೇಲೆ ರೂಮಿಗೆ, ಅಲ್ಲಿಂದ ಮಂಚದ ಕೆಳಕ್ಕೆ, ಕೈಕಾಲು ಮುರಿದ ಮೇಲೆ ಸಜ್ಜೆಗೆ. ಸಜ್ಜೆಯೂ ತುಂಬಿತೆಂದರೆ ತೀರ್ಥಹಳ್ಳಿ ಹತ್ತಿರದ ನಮ್ಮೂರ ಮನೆಯ ಅಟ್ಟದಲ್ಲಿ, ಅಣ್ಣ ಅತ್ತಿಗೆಯ ಉಸ್ತುವಾರಿಯಲ್ಲಿ, ವಿಶ್ರಾಂತ ಜೀವನ. ಸೇವೆಯಿಂದ ವಜಾ ಎಂಬುದು ನಮ್ಮ ಮನೆತನದ ನಿಯಮಾವಳಿಯಲ್ಲೇ ಇಲ್ಲ. ಇಡೀ ಆಯುಷ್ಯ ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕಳೆದು ನಿವೃತ್ತನಾದವನು ನಾನು. ಹಳೆಯದನ್ನು ಎಸೆದವನಿಗೆ ನೋಟಿಸು ಬಂದದ್ದನ್ನು ನೋಡಿದ್ದೇನೆಯೇ ಹೊರತು, ಇಟ್ಟುಕೊಂಡವನಿಗೆ ಬಂದದ್ದನ್ನು ನೋಡಿಲ್ಲ.

ಇಂಥ ಮನೆಗೆ ಜಪಾನಿನ ಮರಿ ಕೊಂಡೊ ಟೀವಿಯ ಮೂಲಕ ಬಲಗಾಲಿಟ್ಟು ಒಳಬಂದಳು. ಮನೆ ಓರಣದ ಬಗ್ಗೆ ಆಕೆ ಬರೆದ ಪುಸ್ತಕ 2011ರಲ್ಲಿ ಜಪಾನಿನಲ್ಲಿ ಬಂತು, 2014ರಲ್ಲಿ ಇಂಗ್ಲಿಷಿಗೆ ಹೋಯಿತು, 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ಗೆ ಏರಿತು, ಅಲ್ಲಿಂದ ನೇರವಾಗಿ ನನ್ನ ಹೆಂಡತಿಯ ತಲೆಗೆ ಇಳಿಯಿತು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ಈ ಕ್ರಮ ತಪ್ಪಬಾರದು. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಮನಸ್ಸು ಅರಳಿತೋ, ಇಟ್ಟುಕೊಳ್ಳಬೇಕು. ಅರಳದಿದ್ದರೆ ಅದಕ್ಕೊಂದು ಧನ್ಯವಾದ ಹೇಳಿ ಬೀಳ್ಕೊಡಬೇಕು.

"ಧನ್ಯವಾದ ಏನು ಮಹಾ, ನಾವು ಪೂಜೆಯನ್ನೇ ಮಾಡ್ತೀವಲ್ಲ!" ಎಂದೆ. ತೊಡಕು ಇರುವುದೇ ಅಲ್ಲಿ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದ ಮಿಕ್ಸಿಯನ್ನು ಮರುವಾರ ಗುಜರಿಯವನ ಕೈಗೆ ಹೇಗೆ ಕೊಡುವುದು? ಜಾರು ಹೋದರೂ ಮೋಟಾರು ಸುಟ್ಟರೂ ಅದು ಕುಂಕುಮ ಕಂಡ ಮಿಕ್ಸಿ. ಹೀಗೆ ನಮ್ಮಲ್ಲಿ ಮೂರು ಮಿಕ್ಸಿಗಳು ದೈವತ್ವಕ್ಕೇರಿ ಸಜ್ಜೆಯಲ್ಲಿ ಕೂತಿವೆ. ಚಟ್ನಿ ರುಬ್ಬುವ ನಾಲ್ಕನೆಯದು ಮಾತ್ರ ಇನ್ನೂ ಮನುಷ್ಯಲೋಕದಲ್ಲಿದೆ.

ಬಟ್ಟೆಯ ವಿಭಾಗದಲ್ಲಿ ನನ್ನ ಸಫಾರಿ ಸೂಟು ಹೊರಬಂತು. 1993ರಲ್ಲಿ ನಮ್ಮ ಆರತಕ್ಷತೆಗೆ ಹೊಲಿಸಿದ್ದು, ಬೂದು ಬಣ್ಣ, ನಾಲ್ಕು ಜೇಬು. ಕೈಯಲ್ಲಿ ಹಿಡಿದೆ. ಮನಸ್ಸು ಧಾರಾಳವಾಗಿ ಅರಳಿತು. ಅರಳಬೇಕಾಗಿದ್ದದ್ದು ಸೂಟು, ಅದು ಹೊಕ್ಕುಳಿನ ಹತ್ತಿರ ಹಟ ಹಿಡಿಯಿತು. "ಸಣ್ಣ ಆದಾಗ ಬೇಕಾಗುತ್ತೆ, ಇರಲಿ" ಎಂದೆ. ನನ್ನವಳು ಮಾತಾಡಲಿಲ್ಲ. ಸೂಟನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಮರಿ ಕೊಂಡೊ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆಯೇ ಎಂದು ಹುಡುಕಿದಳು.

ಚಿಲ್ಲರೆ ಸಾಮಾನಿನದು ಇನ್ನೊಂದು ಪುರಾಣ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ನನ್ನ ವೈರುಗಳ ಸಂಗ್ರಹವಿದೆ. ಸಣ್ಣ ಪಿನ್ನಿನ ನೋಕಿಯಾ ಚಾರ್ಜರುಗಳು, ತಲೆಕೆಳಗಾಗಿ ಚುಚ್ಚಿದರೆ ಮುನಿಸಿಕೊಳ್ಳುವ ಮೈಕ್ರೊ ಯುಎಸ್‌ಬಿಗಳು, ಯಾವ ಯಂತ್ರದ್ದೆಂದು ಯಂತ್ರಕ್ಕೂ ನೆನಪಿಲ್ಲದ ಅಡಾಪ್ಟರುಗಳು, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಅವಿಭಕ್ತ ಕುಟುಂಬವಾಗಿವೆ. ಐರೋಪ್ಯ ಒಕ್ಕೂಟದ 27 ದೇಶಗಳು ಒಟ್ಟು ಸೇರಿ, ಮೊಬೈಲಿಗೆಲ್ಲ ಟೈಪ್ ಸಿ ಒಂದೇ ಸಾಕೆಂದು ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಜಾರಿಗೂ ತಂದವು. ಆ ಕಾನೂನು ನನ್ನ ಬಿಸ್ಕತ್ತಿನ ಡಬ್ಬಿಯ ಮುಚ್ಚಳದವರೆಗೂ ಬಂದಿಲ್ಲ.

ಕಡೆಗೆ ನನ್ನವಳು ಗುಜರಿಯವನನ್ನೇ ಕರೆಸಿದಳು. ಆತ ರತ್ನಪಡಿ ವ್ಯಾಪಾರಿಯ ಗತ್ತಿನಲ್ಲಿ ನೆಲದ ಮೇಲೆ ಕೂತು, ಡಬ್ಬಿಯಿಂದ ಒಂದು ವೈರು ಎಳೆದು, ತುದಿಯನ್ನು ಹಲ್ಲಿನಿಂದ ಕಚ್ಚಿ ಸಿಪ್ಪೆ ಸುಲಿದ. ಒಳಗಿನ ತಾಮ್ರ ಕೂದಲೆಳೆಯಷ್ಟು ಇತ್ತು. ನನ್ನ ಕಡೆ ಕನಿಕರದಿಂದ ನೋಡಿ ವೈರನ್ನು ಡಬ್ಬಿಗೇ ಹಾಕಿದ. ಮುಂದಿನದು ವಿಸಿಆರ್. ಅದರದ್ದೊಂದು ಕಥೆ. ನಮ್ಮ ಮದುವೆಯ ಕ್ಯಾಸೆಟ್ ಇರುವುದರಿಂದ ವಿಸಿಆರ್ ಬೇಕು, ವಿಸಿಆರ್ ಇರುವುದರಿಂದ ಕ್ಯಾಸೆಟ್ ಬೇಕು, ಎರಡೂ ಕೆಟ್ಟಿವೆ. ಆತ ಅದನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ಬೆರಳಿನಿಂದ ತಟ್ಟಿ, ಕೆಳಗಿಟ್ಟು ತೀರ್ಪು ಕೊಟ್ಟ: "ತೂಕ ಐತೆ ಸಾರ್, ಬೆಲೆ ಇಲ್ಲ."

ಒಳಗಿನಿಂದ ನನ್ನವಳು ನಕ್ಕದ್ದು ಕೇಳಿಸಿತು. ಮಾತು ವಿಸಿಆರಿಗೆ ಸಂಬಂಧಪಟ್ಟದ್ದೆಂದು ನಾನು ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ.

ಆದರೆ ಅಡುಗೆಮನೆಯ ಸರದಿ ಬಂದಾಗ ಗಾಳಿ ನನ್ನ ಕಡೆ ಬೀಸಿತು. ನಮ್ಮ ಮದುವೆಗೆ ಬಂದ ಸ್ಟೀಲ್ ಪಾತ್ರೆಗಳಲ್ಲಿ ಮುಕ್ಕಾಲು ಭಾಗ ಇನ್ನೂ ಒಲೆ ಕಂಡಿಲ್ಲ. ಬೇರೆಯವರ ಗೃಹಪ್ರವೇಶಕ್ಕೆ ಸಾಗಿಸೋಣವೆಂದರೆ, ಕೊಟ್ಟ ಹಿರಿಯರು ದೂರಾಲೋಚನೆಯವರು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ತಮ್ಮ ಹೆಸರು, ನಮ್ಮ ಹೆಸರು, ಊರು, ತಾರೀಕು ಎಲ್ಲ ಕೊರೆಸಿಯೇ ಕೊಟ್ಟಿದ್ದಾರೆ. ಆಸ್ತಿಪತ್ರವನ್ನಾದರೂ ತಿದ್ದಬಹುದು, ಸ್ಟೀಲ್ ಕೊಳದಪ್ಪಲೆಯನ್ನು ತಿದ್ದಲಾಗದು. ತೀರಿಕೊಂಡ ಸೋದರತ್ತೆ ಈಗಲೂ ನಮ್ಮ ಕಪಾಟಿನಿಂದ "ಪ್ರೀತಿಪೂರ್ವಕ ಉಡುಗೊರೆ" ಎಂದು ಗದರಿಸುತ್ತಾರೆ.

ಇದಕ್ಕೆ ತದ್ವಿರುದ್ಧ ರವಿಕೆ ಕಣ. ಅಪರಿಗ್ರಹ ವ್ರತವನ್ನು ನಮ್ಮ ಊರು ಪೂರ್ತಿಯಾಗಿ ಪಾಲಿಸುವುದು ಇದೊಂದರ ವಿಷಯದಲ್ಲಿ. ವರಮಹಾಲಕ್ಷ್ಮಿಗೆ ಬಂದದ್ದು ಗೌರಿಗೆ ಹೋಗುತ್ತದೆ, ಗೌರಿಗೆ ಬಂದದ್ದು ನವರಾತ್ರಿಯ ಬೊಂಬೆ ನೋಡಲು ಬಂದವರ ಮಡಿಲು ಸೇರುತ್ತದೆ. ಯಾರೂ ಅದನ್ನು ಹೊಲಿಸುವುದಿಲ್ಲ, ಯಾರೂ ಮಡಿಕೆ ಬಿಚ್ಚುವುದಿಲ್ಲ, ನನ್ನದು ಎಂಬ ಮಮಕಾರ ಯಾರಿಗೂ ಇಲ್ಲ. ಕೊಟ್ಟವರಿಗೇ ವಾಪಸ್ ಹೋಗಿ ಮುಖಭಂಗ ಆಗದಿರಲೆಂದು ನನ್ನವಳು ಕೊನೆಯ ಮಡಿಕೆಯ ಒಳಗೆ ಪೆನ್ಸಿಲ್ಲಿನಲ್ಲಿ ಕೊಟ್ಟವರ ಹೆಸರು ಬರೆದಿಡುತ್ತಾಳೆ. ಹೋದ ನವರಾತ್ರಿಯಲ್ಲಿ ಬಂದ ಗಿಳಿಹಸಿರು ಕಣದ ಮಡಿಕೆಯಲ್ಲಿ ಆಗಲೇ ಎರಡು ಹೆಸರುಗಳಿದ್ದವು, ಬೇರೆ ಬೇರೆ ಕೈಬರಹ. ಆಕೆ ಕೆಳಗೆ ಮೂರನೆಯದನ್ನು ಬರೆದು ರುಜುವಿನೊಂದಿಗೆ ಮುಂದಕ್ಕೆ ಕಳಿಸಿದಳು. ಕಡತ ವಿಲೇವಾರಿ ಎಂದರೆ ಹೀಗಿರಬೇಕು ಎಂದು ನನಗೆ ಹೆಮ್ಮೆಯಾಯಿತು.

ನೆನಪಿನ ವಸ್ತುಗಳ ಪಾಳಿ ಬಂದಾಗ ಇಬ್ಬರೂ ಷೋಕೇಸಿನ ಮುಂದೆ ಸುಮ್ಮನೆ ನಿಂತೆವು. ಅಲ್ಲಿ ಅಂಗೈಯುದ್ದದ ಬಾಹುಬಲಿಗಳು ಎರಡು. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2006ರದಕ್ಕೆ ಅಪ್ಪ ಅಮ್ಮ ಹೋಗಿ ಒಂದು ತಂದರು, 2018ರದಕ್ಕೆ ನಾವು ಹೋಗಿ ಇನ್ನೊಂದು ತಂದೆವು. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟುಕೊಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಬಳ್ಳಿ ಹಬ್ಬುವವರೆಗೂ ನಿಂತ ಮಹಾತ್ಯಾಗಿ. ಚಾವುಂಡರಾಯ 981ರಲ್ಲಿ ಆ ತ್ಯಾಗವನ್ನು ಬೆಟ್ಟದ ಬಂಡೆಯಲ್ಲಿ ಕಡೆಸಿ ನಿಲ್ಲಿಸಿದ. ನಾವು ಆ ಮೆಟ್ಟಿಲು ಹತ್ತಿ, ಕಣ್ತುಂಬ ನೋಡಿ, ಕೆಳಗಿಳಿದು ಬಂದು ಅಂಗಡಿಯಲ್ಲಿ ಚೌಕಾಸಿ ಮಾಡಿದೆವು. ಎಲ್ಲವನ್ನೂ ಬಿಟ್ಟವನನ್ನೇ ನಮಗೆ ಬಿಡಲಾಗುತ್ತಿಲ್ಲ. 2030ಕ್ಕೆ ಮೂರನೆಯದಕ್ಕೆ ಜಾಗ ಬೇಕಲ್ಲ ಎಂದು ನನ್ನವಳು ಪಕ್ಕದ ತಾಜಮಹಲನ್ನು ಸ್ವಲ್ಪ ಸರಿಸಿದಳು.

ಅಷ್ಟರಲ್ಲಿ ಅಮೆರಿಕದಿಂದ ಮಗನ ವಿಡಿಯೊ ಕರೆ. ಅವನದು ಒಂದು ಕೋಣೆಯ ಮನೆ, ಬಿಳಿ ಗೋಡೆ, ಎರಡು ತಟ್ಟೆ, ಒಂದು ಹಾಸಿಗೆ. "ಅಪ್ಪಾ, ಸಾಮಾನು ಕಮ್ಮಿ ಆದ್ರೆ ಮನಸ್ಸು ಎಷ್ಟು ಹಗುರ ಗೊತ್ತಾ? ಎಲ್ಲಾ ಎಸೀರಿ" ಎಂದು ಉಪದೇಶಿಸಿದ. ಸರಿ, ನಿನ್ನ ರೂಮಿನಿಂದಲೇ ಶುರು ಮಾಡ್ತೀವಿ ಎಂದೆ. ಅವನ ಮುಖದ ಬಣ್ಣ ಏಳು ಸಮುದ್ರದಾಚೆಗೂ ಇಳಿದದ್ದು ಕಂಡಿತು. ಗಿಟಾರು ಮುಟ್ಟಬೇಡಿ, ಎಂಜಿನಿಯರಿಂಗ್ ಪುಸ್ತಕ ಇರಲಿ, ಕ್ರಿಕೆಟ್ ಕಿಟ್ ಇರಲಿ, ಸ್ಕೂಲಿನ ಟ್ರೋಫಿಗಳಂತೂ ಅಲ್ಲೇ ಇರಲಿ. ಅವನ ವೈರಾಗ್ಯಕ್ಕೊಂದು ಗೋಡೌನ್ ಇದೆ. ಸಂಬಳವಿಲ್ಲದ ಕಾವಲುಗಾರ ನಾನು.

ಇಷ್ಟಕ್ಕೂ ಗುರುವೇ ಕೈಚೆಲ್ಲಿದ ಮೇಲೆ ಶಿಷ್ಯರದ್ದೇನು? ಮೂರನೆಯ ಮಗುವಾದ ಮೇಲೆ ಮನೆ ಓರಣ ಮಾಡುವುದನ್ನು ಒಂದು ರೀತಿ ಬಿಟ್ಟೇಬಿಟ್ಟಿದ್ದೇನೆ ಎಂದು ಮರಿ ಕೊಂಡೊ 2023ರಲ್ಲಿ ತಾನೇ ಹೇಳಿಕೊಂಡಳು. ಆ ಸುದ್ದಿಯ ತುಣುಕನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಷೋಕೇಸಿನಲ್ಲಿಟ್ಟಿದ್ದೇನೆ.

ಆದರೂ ನನ್ನವಳ ಸಮಾಧಾನಕ್ಕೆಂದು ದೊಡ್ಡ ಸಾಮಾನನ್ನೆಲ್ಲ ಒಂದು ಟೆಂಪೊಗೆ ತುಂಬಿ ಊರಿಗೆ ಸಾಗಹಾಕಿದೆ. ಅಪ್ಪನ ಮರ್ಫಿ ರೇಡಿಯೊ, ಹಿತ್ತಾಳೆ ಹಂಡೆ, ಇದ್ದಿಲ ಇಸ್ತ್ರಿ ಪೆಟ್ಟಿಗೆ, ಕುಂಕುಮ ಕಂಡ ಮೂರು ಮಿಕ್ಸಿ, ತೂಕದ ವಿಸಿಆರ್. ಮನೆ ನಿಜಕ್ಕೂ ಬಯಲಾಯಿತು. ಹಾಲ್‌ನಲ್ಲಿ ಮಾತಾಡಿದರೆ ಪ್ರತಿಧ್ವನಿ. ಸರ್ವಸಂಗ ಪರಿತ್ಯಾಗಿಯ ಠೀವಿಯಲ್ಲಿ ಓಡಾಡಿಕೊಂಡಿದ್ದೆ.

ಮಳೆಗಾಲ ಕಳೆದ ಮೇಲೆ ಅತ್ತಿಗೆಯ ಫೋನು ಬಂತು. ಊರ ಮನೆಯನ್ನು ಹೋಮ್‌ಸ್ಟೇ ಮಾಡಿದ್ದಾರಂತೆ. "ಬೆಂಗಳೂರಿಂದ ಎಷ್ಟು ಜನ ಬರ್ತಾರೆ ಮಾರಾಯ! ಸಾಮಾನು ಸರಂಜಾಮು ಎಲ್ಲ ಬಿಟ್ಟು ಎರಡು ದಿನ ಹಗುರಾಗಿ ಇರ್ಬೇಕಂತೆ ಅವ್ರಿಗೆ. ನೀನು ಕಳ್ಸಿದ ರೇಡಿಯೊ, ಹಂಡೆ, ಇಸ್ತ್ರಿ ಪೆಟ್ಟಿಗೆ ಜಗಲೀಲಿ ಇಟ್ಟಿದೀವಿ. ಅದ್ರ ಪಕ್ಕ ನಿಂತು ಫೋಟೊ ತೆಗೆಸ್ಕೊಳ್ದೆ ಒಬ್ರೂ ಹೋಗೂದಿಲ್ಲ. ಮಿಕ್ಸಿ, ವಿಸಿಆರ್ ಎಂತಕ್ಕೂ ಆಗ್ಲಿಲ್ಲ, ಅಡಿಕೆ ಲಾರೀಲಿ ವಾಪಸ್ ಕಳ್ಸಿದೀನಿ. ಬಾಡಿಗೆ ನೀನೇ ಕೊಡು."

ಹಾಗಾದರೆ ನಾವೂ ಒಮ್ಮೆ ಬಂದು ಹಗುರಾಗಿ ಹೋಗುತ್ತೇವೆ ಎಂದೆ. ಧಾರಾಳವಾಗಿ ಬರಬಹುದಂತೆ. ನೆಂಟರಿಗೆ ರೂಮಿನ ಬಾಡಿಗೆಯಲ್ಲಿ ರಿಯಾಯಿತಿಯೂ ಇದೆಯಂತೆ. ಅತ್ತಿಗೆಯದು ಒಂದೇ ಷರತ್ತು: ಬರುವಾಗ ಬರಿಗೈಯಲ್ಲೇ ಬರಬೇಕು.