ನಿಮಜ್ಜತ್-ಕಾರು-ನಿರ್ಗಮನ ಮೀಮಾಂಸೆ: ಒಂದು ಬಹುಶಿಸ್ತೀಯ ಉಪಕ್ರಮ

ಮುಳುಗುವ ಕಾರಿನಿಂದ ಚಿತ್ರನಾಯಕನು ಹೊರಬರುವ ಕ್ರಿಯೆಯನ್ನು ಪ್ರಸ್ತುತ ಪ್ರಬಂಧವು ‘ಜಲಾವೃತ ಚತುಶ್ಚಕ್ರಿಕಾ ವಿಮೋಚನ’ ಎಂದು ನಿರ್ದೇಶಿಸುತ್ತದೆ. ಪೂರ್ವಸೂರಿಗಳು ಇಲ್ಲಿನ ನೀರನ್ನು ಗರ್ಭಜಲವೆಂದೂ, ಕಾರನ್ನು ಬಂಡವಾಳಶಾಹಿಯ ಕವಚವೆಂದೂ, ಒಡೆಯುವ ಗಾಜನ್ನು ಅಸ್ಮಿತೆಯ ಭಂಜನವೆಂದೂ ವ್ಯಾಖ್ಯಾನಿಸಿ ಪುನರ್ಜನ್ಮದ ರೂಪಕವನ್ನು ಸಾಕಷ್ಟು ಹಿಂಡಿದ್ದಾರೆ. ಬಾಗಿಲು ತೆರೆದದ್ದು ಹೇಗೆ ಎಂದು ಕೇಳುವುದು ಮಾತ್ರ ವಿದ್ವತ್ತಿಗೆ ಕುಂದೆಂದು ಭಾವಿಸಿದಂತಿದೆ. ಆ ಕೊರತೆಯನ್ನು ನೀಗುವುದೇ ಈ ಅಧ್ಯಯನದ ಸೀಮಿತ ಉದ್ದೇಶ. ಅನುಕೂಲಕ್ಕಾಗಿ ವಿಮೋಚನೆಯನ್ನು ಪ್ರಾಣವಾಯು-ಪ್ರಧಾನ, ಪಾದಾಘಾತ-ಪ್ರಧಾನ, ಚುಂಬನ-ಪ್ರಧಾನ ಎಂದು ವಿಂಗಡಿಸಲಾಗಿದೆ. ನಾಲ್ಕನೆಯದು ಮಿಶ್ರ, ಅದಕ್ಕೆ ಏಳು ಉಪಭೇದಗಳು.

ಪ್ರಾಣವಾಯು-ಪ್ರಧಾನಕ್ಕೆ ಮೂಲ ಆಕರ 1985ರ ‘ಎ ವ್ಯೂ ಟು ಎ ಕಿಲ್’. ಕೆರೆಯ ತಳ ಸೇರಿದ ರೋಲ್ಸ್ ರಾಯ್ಸ್‌ನ ಟೈರಿನಿಂದ ಗಾಳಿ ಹೀರುತ್ತ ಬಾಂಡ್ ನೀರಲ್ಲೇ ಉಳಿಯುತ್ತಾನೆ. ಟೈರಿನೊಳಗೆ 40 ಲೀಟರ್ ಜಾಗ, ಎರಡು ವಾತಾವರಣದಷ್ಟು ಹೆಚ್ಚುವರಿ ಒತ್ತಡ ಎಂದಿಟ್ಟುಕೊಂಡರೆ ಹೊರಬರುವ ಗಾಳಿ ಸುಮಾರು 80 ಲೀಟರ್. ಗಾಬರಿಯಲ್ಲಿ ನಿಮಿಷಕ್ಕೆ 30 ಲೀಟರ್ ಸೆಳೆದರೂ ಎರಡೂವರೆ ನಿಮಿಷ ದಾಟಬಹುದು. ವಾಲ್ವಿನಿಂದ ನುಗ್ಗುವ ಗಾಳಿಯ ಬಹುಪಾಲು ಬಾಯಿಗೆ ಸಿಗದೆ ಗುಳ್ಳೆಯಾಗಿ ಮೇಲೇಳುತ್ತದೆ ಎಂಬುದಷ್ಟೇ ತಕರಾರು. ಈ ಪರಂಪರೆಯನ್ನು 2008ರ ‘ಟ್ರಾನ್ಸ್‌ಪೋರ್ಟರ್ 3’ ಉತ್ತುಂಗಕ್ಕೊಯ್ಯಿತು. ನಾಯಕನು ಟೈರಿನ ಗಾಳಿಯನ್ನು ಚೀಲಗಳಿಗೆ ತುಂಬಿ ಇಡೀ ಆಡಿ ಕಾರನ್ನೇ ತೇಲಿಸುತ್ತಾನೆ. ಎರಡು ಟನ್ನಿನ ಹತ್ತಿರದ ಕಾರನ್ನು ಎತ್ತಲು ಸಾವಿರ ಲೀಟರಿಗೂ ಮೀರಿ ಗಾಳಿ ಬೇಕು. ನಾಲ್ಕು ಟೈರುಗಳಲ್ಲಿ ಅದರ ಅರ್ಧವೂ ಇಲ್ಲ. ಆರ್ಕಿಮಿಡೀಸನು ಈ ಚಿತ್ರದ ತಾಂತ್ರಿಕ ವರ್ಗದಲ್ಲಿ ಇರಲಿಲ್ಲವೆಂದು ನಿಸ್ಸಂದೇಹವಾಗಿ ಪ್ರತಿಪಾದಿಸಬಹುದು.

ಪಾದಾಘಾತ-ಪ್ರಧಾನದಲ್ಲಿ ನಾಯಕ ಮುಂಗಾಜನ್ನು ಒದ್ದು ಒಡೆಯುತ್ತಾನೆ. ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. ಅಮೆರಿಕದ ವಾಹನ ಸಂಘಟನೆ ಎಎಎ 2019ರಲ್ಲಿ ಗಾಜು ಒಡೆಯುವ ಆರು ಉಪಕರಣಗಳನ್ನು ಪರೀಕ್ಷಿಸಿದಾಗ ನಾಲ್ಕು ಉಪಕರಣಗಳು ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾದ ಟೆಂಪರ್ಡ್ (ಹದಗೊಳಿಸಿದ) ಗಾಜನ್ನು ಒಡೆದವು, ಲ್ಯಾಮಿನೇಟೆಡ್ ಗಾಜಿನ ಮುಂದೆ ಆರೂ ಸೋತವು. ಉಕ್ಕಿನ ಮೊನೆಗೆ ಆಗದ್ದು ನಾಯಕನ ಬೂಟಿಗೆ ಆಗುತ್ತದೆ. ಚುಂಬನ-ಪ್ರಧಾನಕ್ಕೆ 2004ರ ‘ದಿ ಬೋರ್ನ್ ಸುಪ್ರಿಮಸಿ’. ಗೋವಾದ ಹೊಳೆಯಲ್ಲಿ ಮುಳುಗಿದ ಜೀಪಿನೊಳಗೆ, ಗುಂಡು ತಗುಲಿದ ಪ್ರೇಯಸಿಗೆ ಬಾಯಿಂದ ಬಾಯಿಗೆ ಉಸಿರು. ವರ್ಗೀಕರಣ ಇಲ್ಲಿಗೆ ಸಾಕು. ಏಳು ಉಪಭೇದಗಳನ್ನು ಬೇಕಾದವರು ಪಿಎಚ್‌ಡಿಗೆ ಇಟ್ಟುಕೊಳ್ಳಲಿ. ಯಾಕೆಂದರೆ ಮೂರೂ ಬಗೆಯಲ್ಲಿರುವ ತಪ್ಪು ಒಂದೇ: ಕಥೆ ಶುರುವಾಗುವುದು ಕಾರು ಮುಳುಗಿದ ಮೇಲೆ. ಬದುಕುವ ಅವಕಾಶ ಇರುವುದು ಅದಕ್ಕೂ ಮುಂಚೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನರನ್ನು ಕೂರಿಸಿದ ವಾಹನಗಳನ್ನೇ ನೀರಿಗಿಳಿಸಿ ಪರೀಕ್ಷಿಸಿದವರು. ನೀರಿಗೆ ಬಿದ್ದ ಕಾರು ಕಲ್ಲಿನಂತೆ ತಳ ಸೇರುವುದಿಲ್ಲ. ಸಾಮಾನ್ಯವಾಗಿ ಅರ್ಧದಿಂದ ಎರಡು ನಿಮಿಷ ತೇಲುತ್ತದೆ. ಅಷ್ಟರೊಳಗೆ ಬೆಲ್ಟು ಬಿಚ್ಚಬೇಕು, ಕಿಟಕಿ ಇಳಿಸಬೇಕು, ಮಕ್ಕಳನ್ನು ಹೊರಗೆ ದಾಟಿಸಬೇಕು, ತಾನೂ ಹೊರಬೀಳಬೇಕು ಎನ್ನುತ್ತಾರೆ ಅವರು. ಫೋನು ಮಾಡುತ್ತ ಕೂತರೆ ಕೆಟ್ಟಿತು. ಬಾಗಿಲ ಕಡೆ ಹೋಗಲೇಬಾರದು: ತೆರೆದರೆ ನೀರು ನುಗ್ಗಿ ಕಾರು ಕ್ಷಣದಲ್ಲಿ ಮುಳುಗುತ್ತದೆ, ತಡವಾದರೆ ತೆರೆಯುವುದೇ ಇಲ್ಲ. ಒಂದು ಚದರ ಮೀಟರ್ ಬಾಗಿಲಿನ ಮೇಲೆ ಸರಾಸರಿ ಅರ್ಧ ಮೀಟರ್ ನೀರಿದ್ದರೂ 500 ಕೆ.ಜಿ. ಭಾರ ಹೇರಿದಂತೆ. ‘ಒಳಗೆ ನೀರು ತುಂಬಿ ಒತ್ತಡ ಸಮವಾದರೆ ಬಾಗಿಲು ತೆರೆಯುತ್ತದಲ್ಲ’ ಎಂಬ ಆಕ್ಷೇಪ ಭೌತಶಾಸ್ತ್ರದ ಮಟ್ಟಿಗೆ ಸರಿ. ‘ಮಿತ್‌ಬಸ್ಟರ್ಸ್’ ಕಾರ್ಯಕ್ರಮ 2007ರಲ್ಲಿ ಅದನ್ನು ತೋರಿಸಿಯೂ ಇದೆ: ಈಜುಕೊಳದಲ್ಲಿ, ಪಕ್ಕದಲ್ಲೇ ರಕ್ಷಣೆಗೆ ಮುಳುಗುಗಾರರನ್ನು ನಿಲ್ಲಿಸಿಕೊಂಡು. ಕತ್ತಲಲ್ಲಿ, ಕೆಸರು ನೀರಲ್ಲಿ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುವಾಗ ಕುತ್ತಿಗೆಮಟ್ಟ ನೀರು ಬರಲೆಂದು ಕಾಯುವುದು ಉಪಾಯವಲ್ಲ, ಆತ್ಮಹತ್ಯೆ.

ಸಿನಿಮಾ ಕಲೆ, ಡ್ರೈವಿಂಗ್ ಸ್ಕೂಲಲ್ಲ ಎನ್ನುವವರಿದ್ದಾರೆ. ಕಾರು ಹಾರಲಿ, ಯಾರ ಅಡ್ಡಿಯೂ ಇಲ್ಲ. ಹಾರುವ ಕಾರು ನೋಡಿ ಯಾರೂ ಮಹಡಿಯಿಂದ ಗಾಡಿ ಇಳಿಸುವುದಿಲ್ಲ. ಆದರೆ ಮುಳುಗುವ ಕಾರನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ತೆರೆಯ ಮೇಲೆ ಮಾತ್ರ, ನಿಜವೆನ್ನುವ ಹಾಗೆ. ಇದೆಲ್ಲ ಹಾಲಿವುಡ್ಡಿನ ಚಿಂತೆ ಎಂದು ತಳ್ಳಿಹಾಕುವುದಕ್ಕೂ ಆಗದು. 2018ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆಯ ಮಕ್ಕಳೂ ಸೇರಿ. ಆಮೇಲೆ ಅದೇ ನಾಲೆಗೆ ಕಾರುಗಳೂ ಬಿದ್ದಿವೆ. ಏರಿಗೆ ತಡೆಗೋಡೆ ಇಲ್ಲದ್ದು ಸಿನಿಮಾದವರ ತಪ್ಪಲ್ಲ, ಒಪ್ಪೋಣ. ಆದರೆ ಎಂಜಿನ್ನಿನ ಭಾರಕ್ಕೆ ಮೂತಿ ವಾಲುತ್ತಿರುವ, ಕಿಟಕಿ ಇನ್ನೂ ಇಳಿಯುವ ಆ ಒಂದು ನಿಮಿಷವನ್ನು ಇದ್ದ ಹಾಗೆ ಚಿತ್ರಿಸಲು ಆಮ್ಲಜನಕದ ಸಿಲಿಂಡರಾಗಲಿ ಗ್ರಾಫಿಕ್ಸಾಗಲಿ ಬೇಕಿಲ್ಲ. ಒಂದು ಹಳೇ ಕಾರು, ಬಿಚ್ಚಲು ಬರುವ ಒಂದು ಬೆಲ್ಟು, ಮೊದಲು ಹಿಂದಿನ ಸೀಟಿನ ಕಡೆ ತಿರುಗುವ ಒಬ್ಬ ನಟ ಇದ್ದರೆ ಆಯಿತು.