ಒರೆಸಿದಷ್ಟೂ ಗೀರು

ಹೊಸ ಕಾರಿನ ಮೇಲೆ ಮೊದಲ ಗೀರು ಎಳೆದವರು ಯಾರು? ಯಲಹಂಕ ನ್ಯೂ ಟೌನಿನಲ್ಲಿ ಯಾರನ್ನೇ ಕೇಳಿ ನೋಡಿ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ: ಆಟೋದವನು. ಸ್ವಲ್ಪ ನಿಧಾನಸ್ಥರಾದರೆ ಹೆಬ್ಬಾಳದ ಜಾಮಿನಲ್ಲಿ ಸಂದಿ ಕಂಡಲ್ಲೆಲ್ಲ ಹ್ಯಾಂಡಲ್ ತೂರಿಸುವ ಬೈಕಿನವನನ್ನು ನೆನೆಯುತ್ತಾರೆ. ಅಪಾರ್ಟ್‌ಮೆಂಟಿನವರು ಬೇಸ್‌ಮೆಂಟಿನಲ್ಲಿ ಸೈಕಲ್ ಹೊಡೆಯುವ ಮಕ್ಕಳ ಕಿವಿ ಹಿಂಡಲು ಹೊರಡುತ್ತಾರೆ. ಪಾಪ, ಇವರೆಲ್ಲ ಶುದ್ಧ ನಿರಪರಾಧಿಗಳು. ಇವರ ಸರದಿ ಬರುವ ಹೊತ್ತಿಗೆ ಆ ಕಾರಿನ ಮೈಮೇಲೆ ಸಾವಿರಾರು ಗೀರು ಬಿದ್ದು ಹಳತಾಗಿರುತ್ತವೆ. ಎಳೆದವರು ಸ್ವತಃ ಮಾಲೀಕರು. ಎಳೆದದ್ದು ಹಳೇ ಬನಿಯನ್ನಿನಲ್ಲಿ.

ಡೀಟೇಲಿಂಗ್ ಅಂಗಡಿಯವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ನೆರಳಿನಲ್ಲಿ ನಿಂತ ಕಾರಿನಲ್ಲಿ ಇದು ಕಾಣದು. ಬೆಳಗ್ಗೆ ಹತ್ತರ ಬಿಸಿಲಿಗೆ ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ ಬಿದ್ದಾಗ ಬಗ್ಗಿ ನೋಡಬೇಕು. ಬಿಂಬದ ಸುತ್ತ ಉಂಗುರ ಉಂಗುರವಾಗಿ ಕೂದಲೆಳೆಯಷ್ಟು ಸಣ್ಣ ಗೆರೆಗಳು. ವರ್ಷಗಟ್ಟಲೆ ನಾರು ಹಾಕಿ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೆ ಏನು ಕಾಣುತ್ತದೋ ಅದೇ ಇದು. ಇಲ್ಲೊಂದು ಕಣ್ಕಟ್ಟೂ ಇದೆ. ಆ ಗೀರುಗಳು ನಿಜಕ್ಕೂ ದುಂಡಗಿಲ್ಲ. ಉದ್ದ, ಅಡ್ಡ, ಓರೆ, ಎಲ್ಲ ದಿಕ್ಕಿಗೂ ಎದ್ದುಬಿದ್ದು ಹರಡಿಕೊಂಡಿವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿಗೆ ಮಿಂಚುವುದರಿಂದ ಬಿಂಬದ ಸುತ್ತ ಬಳೆ ಕಟ್ಟಿದಂತೆ ತೋರುತ್ತದೆ. ನೀವು ಎರಡು ಹೆಜ್ಜೆ ಸರಿದರೆ ಬಳೆಯೂ ಸರಿಯುತ್ತದೆ. ಈ ಗುಟ್ಟು ಗೊತ್ತಿಲ್ಲದ ಪಂಡಿತರು, 'ದುಂಡಗೆ ಒರೆಸಿದ್ದಕ್ಕೆ ಹೀಗಾಯ್ತು, ಉದ್ದಕ್ಕೆ ಒರೆಸಬೇಕಿತ್ತು' ಎಂದು ಸಂಜೆ ವಾಕಿಂಗಿನಲ್ಲಿ ವಾದ ಮಾಡುತ್ತಿರುತ್ತಾರೆ. ಅವರ ಕಾರೂ ಬಿಸಿಲಲ್ಲೇ ನಿಂತಿರುತ್ತದೆ. ಹೋಗಿ ನೋಡುವಷ್ಟು ಧೈರ್ಯ ಮಾತ್ರ ಯಾರಿಗೂ ಇಲ್ಲ.

ಸಹಕಾರ ನಗರದ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ಆರೂವರೆಗೆ ಒಂದು ಸುತ್ತು ಹಾಕಿ ಬನ್ನಿ. ಗೇಟಿಗೊಬ್ಬರು ಯಜಮಾನರು, ಪಂಚೆ ಮೇಲೆ ಕಟ್ಟಿ, ಕಾರಿನ ಸೇವೆಗೆ ನಿಂತಿರುತ್ತಾರೆ. ಮೊದಲು ಒಣಬಟ್ಟೆಯಲ್ಲಿ ಫಟ್ ಫಟ್ ಎಂದು ಧೂಳು ಹೊಡೆಯುವುದು. ಇದು ಮಂಗಳವಾದ್ಯ. ಆಮೇಲೆ ಅರ್ಧ ಚೊಂಬು ನೀರು ಪ್ರೋಕ್ಷಣೆ. ಆಮೇಲೆ ಅದೇ ಬಟ್ಟೆ ಹಿಂಡಿ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಚಕ್ರ ಒರೆಸಿ, ಚಕ್ರ ಒರೆಸಿದ ಕೈಯಲ್ಲೇ ಮತ್ತೊಮ್ಮೆ ಬಾನೆಟ್ಟು. ನಡುವೆ ಬಟ್ಟೆ ಜಾರಿ ನೆಲಕ್ಕೆ ಬಿದ್ದರೆ ಎತ್ತಿ, ಎರಡು ಸಲ ಝಾಡಿಸಿ, ಸೇವೆ ಮುಂದುವರಿಕೆ. ಆ ಬಟ್ಟೆಯ ವಂಶವೃಕ್ಷ ಕೇಳಿದರೆ ಅದು ಒಂದು ಕಾಲಕ್ಕೆ ಬನಿಯನ್ನು, ಆಮೇಲೆ ಅಡುಗೆಮನೆಯ ಮಸಿಬಟ್ಟೆ, ಕೊನೆಗೆ ಕಾರಿಗೆ ಬಡ್ತಿ. ಹೆಂಡತಿ ಮಕ್ಕಳ ತಲೆ ಕೂಡ ಇಷ್ಟು ಅಕ್ಕರೆಯಿಂದ ಒರೆಸಿದವರಲ್ಲ ಅವರು.

ಅಷ್ಟಕ್ಕೂ ಆ ಧೂಳು ಎಂಥದ್ದು ಗೊತ್ತೆ? ಬೆಂಗಳೂರು ಕೂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗಿನಲ್ಲಿ ತಲೆ ಎತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದೇ ಕುಲದ ಕಲ್ಲು ನಂದಿಬೆಟ್ಟದ ಆಚೆಗೂ ಹಬ್ಬಿದೆ. ಚಿಕ್ಕಬಳ್ಳಾಪುರದ ಕಡೆ ಕ್ವಾರಿಯಲ್ಲಿ ಅದನ್ನು ಅರೆದು ಎಂ-ಸ್ಯಾಂಡ್ ಮಾಡಿ, ಟಿಪ್ಪರಿಗೆ ತುಂಬಿ, ಬಳ್ಳಾರಿ ರಸ್ತೆಯುದ್ದಕ್ಕೂ ಒಂದಿಷ್ಟು ದಾನ ಮಾಡುತ್ತಾ ತರುತ್ತಾರೆ. ಏರ್‌ಪೋರ್ಟಿನತ್ತ ಹೋಗುವ ಮೆಟ್ರೊ ಕಾಮಗಾರಿ ತನ್ನ ಪಾಲಿನದನ್ನೂ ಸೇರಿಸುತ್ತದೆ. ಈ ಧೂಳಿನಲ್ಲಿ ಕ್ವಾರ್ಟ್ಜ್ ಇದೆ, ಅಂದರೆ ಬೆಣಚುಕಲ್ಲು. ಜರ್ಮನಿಯ ಮೋಸ್ ಎಂಬಾತ 1812ರಲ್ಲಿ ಮಾಡಿಟ್ಟ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಸಾಧಾರಣ ಉಕ್ಕಿನ ಚಾಕುವೂ ಅದಕ್ಕಿಂತ ಮೆತ್ತಗೆ. ಇನ್ನು ಕಾರಿನ ಮೇಲ್ಪದರ? ಅದು ಪ್ಲಾಸ್ಟಿಕ್ಕಿನ ಸಂತಾನ. ಒಣಬಟ್ಟೆಯಲ್ಲಿ ಆ ಬೆಣಚುಪುಡಿಯನ್ನು ಒತ್ತಿ ಎಳೆಯುವುದಕ್ಕೆ ನಾವು 'ಕ್ಲೀನ್ ಮಾಡೋದು' ಎಂದು ಹೆಸರಿಟ್ಟಿದ್ದೇವೆ. ಉಪ್ಪುಕಾಗದ ತಯಾರಿಸುವವರು ಬೇರೆ ಏನನ್ನೂ ಮಾಡುವುದಿಲ್ಲ, ಅವರು ಕಾಗದ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ಅಂಬಾಸಿಡರ್ ಕಾಲದವರು ಇದನ್ನು ಒಪ್ಪುವುದಿಲ್ಲ. 'ನಾವು ಮೂವತ್ತು ವರ್ಷ ಒರೆಸಿಲ್ವೇ, ಏನಾಯ್ತು?' ಎನ್ನುತ್ತಾರೆ. ಏನೂ ಆಗಲಿಲ್ಲ ನಿಜ, ಬಟ್ಟೆಗೆ ಕಾರಿನ ಬಣ್ಣ ಬರುತ್ತಿತ್ತು, ಅಷ್ಟೇ. ಆಗ ಹೊಡೆಯುತ್ತಿದ್ದುದು ಒಂದೇ ಬಗೆಯ ದಪ್ಪ ಪೇಂಟು. ಕಾಂಪೌಂಡ್ ಹಾಕಿ ಉಜ್ಜಿದರೆ ಹಳೇ ಚರ್ಮ ಹೋಗಿ ಹೊಸದು ಮೇಲೆ ಬರುತ್ತಿತ್ತು. ಈಗಿನ ಕಾರಿನದು ಮಡಿಕೆಯ ಸಂಸಾರ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟು. ಎಲ್ಲ ಸೇರಿ ಸುಮಾರು ನೂರು, ನೂರಮೂವತ್ತು ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ನಲವತ್ತರ ಆಸುಪಾಸು. ನಿಮ್ಮ ತಲೆಯಲ್ಲಿ ಇನ್ನೂ ಕೂದಲು ಉಳಿದಿದ್ದರೆ ಒಂದು ಕಿತ್ತು ನೋಡಿ, ಅದೇ ಎಪ್ಪತ್ತು ಮೈಕ್ರಾನ್ ಇರುತ್ತದೆ. ಲಕ್ಷಗಟ್ಟಲೆ ಸಾಲ ಮಾಡಿ ತಂದ ಕಾರಿನ ಹೊಳಪೆಲ್ಲ ಅರ್ಧ ಕೂದಲಿನ ದಪ್ಪದಲ್ಲಿದೆ ಸ್ವಾಮಿ! ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಮದ್ದೂ ಅದರೊಳಗೇ ಇದೆ.

ಗೀರು ಕಂಡ ದಿನದಿಂದ ಮಾಲೀಕರಿಗೆ ನಿದ್ದೆ ಬಾರದು. ಆಗ ಶುರುವಾಗುತ್ತದೆ ಡೀಟೇಲಿಂಗ್ ಸ್ಟುಡಿಯೊ ಯಾತ್ರೆ. ಗ್ಯಾರೇಜು ಎನ್ನಬೇಡಿ, ಅವರಿಗೆ ಬೇಸರವಾಗುತ್ತದೆ. ಆರ್.ಟಿ. ನಗರದಿಂದ ಯಲಹಂಕದವರೆಗೆ ಈಗ ಎರಡು ದರ್ಶಿನಿಗಳ ನಡುವೆ ಒಂದು ಸ್ಟುಡಿಯೊ ಸಿಗುತ್ತದೆ. ಒಳಗೆ ಛಾವಣಿ ತುಂಬ ಷಟ್ಕೋನದ ಎಲ್‌ಇಡಿ ದೀಪ, ಕಪ್ಪು ಟೀಶರ್ಟಿನ ಹುಡುಗರು, ಗಾಜಿನ ಆಚೆ ಸೋಫಾ, ಕಾಫಿ. ಆ ದೀಪದ ಕೆಳಗೆ ನಿಲ್ಲಿಸಿದರೆ ಶೋರೂಮಿನಿಂದ ನೇರ ಬಂದ ಕಾರೂ ಕುರುಕ್ಷೇತ್ರದಿಂದ ಬಂದಂತೆ ಕಾಣುತ್ತದೆ. ಹುಡುಗ ಒಂದು ಪುಟ್ಟ ಯಂತ್ರವನ್ನು ಬಾನೆಟ್ಟಿಗೆ ತಾಗಿಸಿ ಮೈಕ್ರಾನ್ ಓದುತ್ತಾನೆ. 'ಸಾರ್, 112.' ಮಾಲೀಕರು ತಮ್ಮದೇ ರಕ್ತದೊತ್ತಡ ಕೇಳಿದವರ ಹಾಗೆ ಗಾಬರಿ ಬಿದ್ದು, 'ಇದು ಜಾಸ್ತೀನೋ ಕಡಿಮೆನೋ?' ಎನ್ನುತ್ತಾರೆ. ಅಲ್ಲೇ ಅಕಸ್ಮಾತ್ ಮುನ್ನೂರು ಬಂತೆನ್ನಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಾರಿನ ಹಳೇ ಆಕ್ಸಿಡೆಂಟಿನ ಪುರಾಣವೂ ಹೊರಬೀಳುತ್ತದೆ.

ಆದರೆ ಕೆಲಸ ಬಲ್ಲ ಹುಡುಗ ಸಿಕ್ಕರೆ ಅದನ್ನು ನೋಡುವುದೇ ಒಂದು ಸುಖ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮೊದಲು ನೊರೆಯಲ್ಲಿ ಮುಳುಗಿಸಿ ತೊಳೆಯುತ್ತಾನೆ. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಕಣಗಳಿಗೆ ಒಂದು ದ್ರಾವಣ ಸಿಂಪಡಿಸಿದರೆ ಕಾರಿನ ಮೈಯಿಂದ ನೇರಳೆ ಬಣ್ಣ ಇಳಿಯುತ್ತದೆ. ಜೇಡಿಯಂಥ ಕ್ಲೇ ಬಾರ್ ಉಜ್ಜಿ ಉಳಿದ ಕಸ ಎತ್ತುತ್ತಾನೆ. ಪ್ಲಾಸ್ಟಿಕ್ಕು, ರಬ್ಬರು ಇರುವ ಕಡೆಗೆಲ್ಲ ಟೇಪ್ ಅಂಟಿಸುತ್ತಾನೆ. ಆಮೇಲೆ ಇಡೀ ಕಾರಿಗೆ ಕೈ ಹಾಕದೆ ಒಂದು ಗೇಣು ಜಾಗದಲ್ಲಿ ಪರೀಕ್ಷೆ ಮಾಡುತ್ತಾನೆ: ಯಾವ ಪ್ಯಾಡು, ಯಾವ ಪಾಲಿಶು, ಎಷ್ಟು ವೇಗ. ಮೆತ್ತನೆಯದು ಸಾಕಾದರೆ ಗಡುಸು ಮುಟ್ಟುವುದಿಲ್ಲ. ಅವನ ಕೈಯಲ್ಲಿರುವ ಡ್ಯುಯಲ್ ಆಕ್ಷನ್ ಯಂತ್ರದ ಪ್ಯಾಡು ತನ್ನ ಸುತ್ತ ತಾನೂ ತಿರುಗುತ್ತದೆ, ಅಕ್ಕಪಕ್ಕಕ್ಕೂ ಓಲಾಡುತ್ತದೆ, ಹಾಗಾಗಿ ಒಂದೇ ಜಾಗ ಕಾಯುವುದಿಲ್ಲ. ಅರ್ಧಂಬರ್ಧ ಕಲಿತವನ ಕೈಗೆ ಸುಮ್ಮನೆ ಗಿರ್ರೆನ್ನುವ ರೋಟರಿ ಕೊಟ್ಟರೆ ಬಾಗಿಲ ಅಂಚಿನಲ್ಲಿ ಕ್ಲಿಯರ್ ಕೋಟು ಸುಟ್ಟೇ ಹೋಗಬಹುದು. ಸುಡದಿದ್ದರೂ ಬಿಸಿಲಿನಲ್ಲಿ ಕಾಮನಬಿಲ್ಲಿನ ಪಟ್ಟೆ ಏಳುತ್ತದೆ. ಅದಕ್ಕೆ ಅವರು ಹಾಲೊಗ್ರಾಮ್ ಎನ್ನುತ್ತಾರೆ. ಗೀರು ತೆಗೆಸಲು ಹೋಗಿ ಪಟ್ಟೆ ಬರೆಸಿಕೊಂಡು ಬಂದವರು ನಮ್ಮ ಕಡೆ ಕಡಿಮೆ ಇಲ್ಲ.

ಇಷ್ಟಾಗಿಯೂ ಗೀರನ್ನು ಯಾರೂ 'ತೆಗೆಯುವುದಿಲ್ಲ' ಎಂಬುದು ಬಹಳ ಜನಕ್ಕೆ ತಿಳಿಯದು. ಹಳ್ಳವನ್ನು ಎತ್ತಿ ಹೊರಗೆ ಹಾಕಲಾದೀತೆ? ಸುತ್ತಲ ನೆಲವನ್ನೇ ಹಳ್ಳದ ಮಟ್ಟಕ್ಕೆ ಕೆರೆದು ಇಳಿಸುತ್ತಾರೆ. ಒಂದು ಸಲಕ್ಕೆ ಎರಡೋ ಮೂರೋ ಮೈಕ್ರಾನ್ ಹೋಯಿತು. ನಲವತ್ತರಲ್ಲಿ ಎಷ್ಟು ಸಲ ಕಳೆಯಬಹುದು, ನೀವೇ ಲೆಕ್ಕ ಹಾಕಿ. ಪೂರಾ ಸೊನ್ನೆಗೆ ಇಳಿಯುವವರೆಗೂ ಕಾಯುವ ಹಾಗಿಲ್ಲ. ಅದಕ್ಕೆ ಬಹಳ ಮುಂಚೆಯೇ ಬಿಸಿಲಿಗೆ ಕ್ಲಿಯರ್ ಕೋಟು ಸುಲಿಯಲು ಶುರು. ಹಾಗಾಗಿ ಪ್ರತಿ ವರ್ಷ ದೀಪಾವಳಿಗೆ 'ಒಂದು ಕರೆಕ್ಷನ್ ಮಾಡಿಸಿಬಿಡೋಣ' ಎನ್ನುವವರು ಕಾರಿಗೆ ಅಭ್ಯಂಜನ ಮಾಡಿಸುತ್ತಿಲ್ಲ, ಚರ್ಮ ಸುಲಿಸುತ್ತಿದ್ದಾರೆ. ಇನ್ನು ಕೆಲವು ಅಂಗಡಿಯವರು ಅಷ್ಟು ಕಷ್ಟವನ್ನೂ ಪಡುವುದಿಲ್ಲ. ಗ್ಲೇಜ್ ಎಂಬ ಎಣ್ಣೆಯಂಥದ್ದನ್ನು ಗೀರಿನೊಳಗೆ ತುಂಬಿ ಕಳಿಸುತ್ತಾರೆ. ಮನೆಗೆ ಬರುವವರೆಗೆ ಕನ್ನಡಿ. ನಾಲ್ಕು ಸಲ ತೊಳೆದ ಮೇಲೆ ಹಳೇ ನೆಂಟರೆಲ್ಲ ವಾಪಸ್. ಬಿಲ್ ಕಟ್ಟುವ ಮುಂಚೆ ಆಲ್ಕೋಹಾಲ್ ಸಿಂಪಡಿಸಿ ಒಮ್ಮೆ ಒರೆಸಿ ತೋರಿಸಪ್ಪ ಎಂದು ಕೇಳಿದರೆ ಎಲ್ಲ ಬಯಲಾಗುತ್ತದೆ. ಕೇಳಲು ಸಂಕೋಚ ಬೇಡ, ಕೊಡುತ್ತಿರುವುದು ಐದಂಕಿಯ ದುಡ್ಡು.

ಐದಂಕಿ ಆಗುವುದು ಸೆರಾಮಿಕ್ ಕೋಟಿಂಗಿನ ದೆಸೆಯಿಂದ. '9ಎಚ್ ಸಾರ್, ವಜ್ರದ ನಂತರ ಇದೇ' ಎಂಬ ಮಾತು ಬಂದ ಕೂಡಲೇ ಮಾಲೀಕರ ಕೈ ಜೇಬಿಗೆ ಹೋಗುತ್ತದೆ. ಆ 9ಎಚ್‌ಗೂ ಮೋಸ್ ಸಾಹೇಬರ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ಅದು ಪೆನ್ಸಿಲ್ಲಿನ ಲೆಕ್ಕ! ಡ್ರಾಯಿಂಗ್ ಕ್ಲಾಸಿನ ಎಚ್‌ಬಿ, 2ಎಚ್ ಇದ್ದವಲ್ಲ, ಅದೇ ಸಾಲಿನ ಗಡುಸು ಪೆನ್ಸಿಲ್ಲಿನಲ್ಲಿ ಗೀಚಿದರೂ ಗೀರು ಬೀಳದು ಎಂದಷ್ಟೇ ಅರ್ಥ. ನಿಮ್ಮ ಕಾರಿನ ಮೇಲೆ ಪೆನ್ಸಿಲ್ ಹಿಡಿದು ದಂಡೆತ್ತಿ ಬರುವವರು ಯಾರೂ ಇಲ್ಲ, ಬರುವುದು ಬೆಣಚುಪುಡಿ. ಕೋಟಿಂಗಿನಿಂದ ಪ್ರಯೋಜನವೇ ಇಲ್ಲ ಎಂದಲ್ಲ. ನೀರು ನಿಲ್ಲದೆ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ. ಆದರೆ ಅದರ ಮೇಲೂ ಅದೇ ಬನಿಯನ್ನು ಎಳೆದರೆ ಅದೇ ಗೀರು, ಈ ಸಲ ಇನ್ನಷ್ಟು ದುಬಾರಿಯ ಗೀರು.

ಇದೆಲ್ಲಕ್ಕೂ ಕಳಶವಿಟ್ಟ ಹಾಗೆ ಬರುತ್ತದೆ ಆಯುಧ ಪೂಜೆ. ಹಿಂದಿನ ವಾರವಷ್ಟೇ ಕನ್ನಡಿಯಾಗಿ ಬಂದ ಬಾನೆಟ್ಟಿನ ಮೇಲೆ ವಿಭೂತಿಯ ಪಟ್ಟೆ, ಅರಿಶಿನದ ಸ್ವಸ್ತಿಕ, ಅದರ ಮೇಲೆ ಕುಂಕುಮ. ಸುಣ್ಣ ಬೆರೆಸಿ ಮಾಡಿದ ಕುಂಕುಮ ಬಿಸಿಲಿಗೆ ಒಣಗಿದರೆ ಬಿಳಿ ಕಾರು ಮುಂದಿನ ದಸರಾವರೆಗೂ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎರಡು ಬಾಳೆಕಂದು, ಸೆಣಬಿನ ಹಗ್ಗದಲ್ಲಿ ಬಿಗಿದು, ಯಶವಂತಪುರದವರೆಗೂ ಬಂಪರಿಗೆ ಉಜ್ಜುತ್ತಾ ಹೋಗುತ್ತವೆ. ಪೂಜೆ ಬೇಡ ಎನ್ನುವ ನಾಸ್ತಿಕ ನಾನಲ್ಲ. ಸ್ವಸ್ತಿಕವನ್ನು ಗಾಜಿನ ಮೇಲೆ ಬರೆದರೆ ದೇವರಿಗೇನೂ ಕೋಪ ಬರಲಿಕ್ಕಿಲ್ಲ, ಗಾಜು ಕ್ಲಿಯರ್ ಕೋಟಿಗಿಂತ ಬಹಳ ಗಟ್ಟಿ. ಆದರೆ ಇದನ್ನು ಮನೆಯ ಹಿರಿಯರಿಗೆ ಹೇಳಿ ಬದುಕಿದವರು ಉಂಟೆ?

ಹಾಗಾದರೆ ತೊಳೆಯುವುದು ಹೇಗೆ? ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ, ಒಂದರಲ್ಲಿ ಬರೀ ನೀರು. ಪ್ರತಿ ಸಲ ಕೈಗವಸನ್ನು ಬರೀ ನೀರಿನಲ್ಲಿ ಜಾಲಿಸಿ ಮಣ್ಣು ಕೆಳಗಿಳಿಸಿ ಶಾಂಪೂಗೆ ಅದ್ದುವುದು. ಮೊದಲು ನೀರು ಹಾಯಿಸಿ ಧೂಳು ಹರಿಯಲು ಬಿಡುವುದು, ಆಮೇಲೆ ಮುಟ್ಟುವುದು. ವಿದ್ಯೆ ಇಷ್ಟೇ. ಆದರೆ ಬೆಂಗಳೂರಿನಲ್ಲಿ 'ಎರಡು ಬಕೆಟ್ಟು' ಎಂದು ಗಟ್ಟಿಯಾಗಿ ಹೇಳಲೂ ಹೆದರಿಕೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ. ಆಗಲಾದರೂ ಕಾರುಗಳು ನೆಮ್ಮದಿಯಾಗಿ ಧೂಳು ಹೊದ್ದು ಮಲಗಬಹುದಿತ್ತು. ಧೂಳು ತಾನಾಗಿ ಗೀರುವುದಿಲ್ಲ, ಕೂತಲ್ಲಿ ಕೂತಿರುತ್ತದೆ. ಬಿಟ್ಟರಲ್ಲವೆ ನಮ್ಮವರು? ನೀರಿಲ್ಲದಿದ್ದರೇನು, ಒಣಬಟ್ಟೆ ಇದೆಯಲ್ಲ! ಇನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಅದರೊಳಗಿನ ಸುಣ್ಣ ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಆ ಕಥೆಗೆ ಇನ್ನೊಂದು ಸಂಚಿಕೆ ಬೇಕು.

ಧೂಳು ಬಿಟ್ಟರೆ ಮಾನ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಎರಡು ವಾರ ಕಾರು ಮುಟ್ಟದೆ ಬಿಡಿ. ಯಾರಾದರೂ ಬಂದು ಹಿಂಬಾಗಿಲ ಮೇಲೆ ಬೆರಳಿನಲ್ಲಿ 'ತೊಳೀರಿ ಸ್ವಾಮಿ' ಎಂದು ಬರೆದು ಹೋಗುತ್ತಾರೆ. ಧೂಳು ತೊಳೆದ ಮೇಲೂ ಬಿಸಿಲಿಗೆ ಆ ಅಕ್ಷರ ಓದಬಹುದು, ಬರೆದದ್ದು ಬೆಣಚುಪುಡಿಯಲ್ಲಿ ತಾನೆ. ಕ್ರಿ.ಶ. 750ರ ಸುಮಾರಿಗೇ ಕಿತ್ತಯ್ಯನ ವೀರಗಲ್ಲಿನ ಮೇಲೆ ಕನ್ನಡ ಕೆತ್ತಿದ ಊರು ಹೆಬ್ಬಾಳ. ಶಾಸನ ಬರೆಯುವ ಚಟ ಇಷ್ಟು ಬೇಗ ಬಿಟ್ಟೀತೆ?

ಯಲಹಂಕದ ಮಿತ್ರರೊಬ್ಬರು ಕರೆಕ್ಷನ್ ಮಾಡಿಸಿ ಕಾರು ತಂದ ಮರುದಿನ, ತಮ್ಮ ಬೇಸ್‌ಮೆಂಟಿನಲ್ಲಿ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಸಾಲಾಗಿ ಕಾರು ಒರೆಸುವವನನ್ನು ಕರೆದರು. ಮೊಬೈಲಿನ ಟಾರ್ಚು ಹಾಕಿ ಪಕ್ಕದ ಮನೆಯವರ ಕಪ್ಪು ಕಾರು ತೋರಿಸಿದರು, ಬೆಣಚುಕಲ್ಲು, ಮೈಕ್ರಾನ್ ಎಲ್ಲ ವಿವರಿಸಿದರು. ನಾಳೆಯಿಂದ ನನ್ನ ಕಾರು ಮುಟ್ಟಬೇಡ ಎಂದರು. ಅವನು ಗಂಭೀರವಾಗಿ ಕೇಳಿಸಿಕೊಂಡ. ಬಟ್ಟೆಯನ್ನು ಒಮ್ಮೆ ನೋಡಿಕೊಂಡ.

'ಆಯ್ತು ಸಾರ್, ಮುಟ್ಟಲ್ಲ. ತಿಂಗಳ ದುಡ್ಡು ಮಾತ್ರ ನಿಲ್ಲಿಸಬೇಡಿ. ಬೇರೆ ಯಾರೂ ಒರೆಸದೇ ಇರೋ ಹಾಗೆ ನಾನು ನೋಡ್ಕೋತೀನಿ.'

ಮಿತ್ರರು ಲೆಕ್ಕ ಹಾಕಿದರು. ಸೆರಾಮಿಕ್ಕಿಗಿಂತ ಅಗ್ಗ. ಈಗ ಅದೇ ಬೇಸ್‌ಮೆಂಟಿನ ಇನ್ನಿಬ್ಬರು ಈ ಸ್ಕೀಮಿಗೆ ಸೇರಿದ್ದಾರಂತೆ.